ಎರಡು ಆಟಕ್ಕೆ ಒಂದೇ ಭಾನುವಾರ

1961ನೇ ಇಸವಿ ಫೆಬ್ರವರಿ 14, ಮಂಗಳವಾರ, ಬೆಳಿಗ್ಗೆ ಏಳು ಗಂಟೆ ಇಪ್ಪತ್ತು ನಿಮಿಷ.

ಸವಳಂಗ ರಸ್ತೆಯ ಪಕ್ಕದ ಮೈದಾನದ ನಟ್ಟನಡುವೆ, ಕುಸ್ತಿಗೆಂದು ಹಾಸಿದ್ದ ಮಟ್ಟಿಯ ಮೇಲೆ ತ್ರಿವಿಕ್ರಮ ಮಂಡಿಯೂರಿ ಕೂತಿದ್ದ. ಲಾಳದ ಆಕಾರದ ಅಯಸ್ಕಾಂತವನ್ನು ಕೆಮ್ಮಣ್ಣಿನೊಳಗೆ ಇಳಿಸಿ ನಿಧಾನವಾಗಿ ತನ್ನ ಕಡೆಗೆ ಎಳೆದುಕೊಂಡ. ಮೇಲೆತ್ತಿದಾಗ ಅದರ ಎರಡು ತುದಿಗೂ ಕಬ್ಬಿಣದ ಚೂರಿನ ಗಡ್ಡ ಬೆಳೆದಿತ್ತು.

"ಇನ್ನೂ ಇದೆಯಲ್ಲ ಸ್ವಾಮಿ" ಎಂದರು ಇನ್‌ಸ್ಪೆಕ್ಟರ್ ಈಶ್ವರಪ್ಪ.

"ಒಬ್ಬ ಮನುಷ್ಯನ ಬೆನ್ನು ಸೀಳೋಕೆ ಬೇಕಾದ್ದಕ್ಕಿಂತ ಜಾಸ್ತೀನೇ ಇದೆ."

ಆ ಬೆನ್ನು ಕರಿಯಣ್ಣ ಪೈಲ್ವಾನನದು. ಭಾನುವಾರ ಇದೇ ಮಣ್ಣಿನ ಮೇಲೆ ಎದುರಾಳಿಯ ಕೆಳಗೆ ಸಿಕ್ಕಿ ಉಜ್ಜಿಹೋದವನು ಈಗ ಆಸ್ಪತ್ರೆಯಲ್ಲಿ ಮಗ್ಗುಲಾಗಿ ಮಲಗಿದ್ದ. ಜ್ವರ ಏರುತ್ತಿದೆ, ಧನುರ್ವಾಯುವಿಗೆ ತಿರುಗಿದರೆ ಕಷ್ಟ ಎಂದು ಡಾಕ್ಟರು ಹೇಳಿದ್ದರು. ಮಟ್ಟಿಯಲ್ಲಿ ಕಬ್ಬಿಣದ ಚೂರು ಬೆರೆಸಿದವನು ಎಂದು ಭದ್ರಾವತಿ ಫುಟ್‌ಬಾಲ್ ತಂಡದ ಕ್ಯಾಪ್ಟನ್ ಹೂವಪ್ಪನನ್ನು ಲಾಕಪ್ಪಿನಲ್ಲಿ ಕೂರಿಸಿದ್ದರು.

ಈಶ್ವರಪ್ಪ ಬೂಟು ಬಿಚ್ಚಿ ಕಂಕುಳಲ್ಲಿ ಇಟ್ಟುಕೊಂಡಿದ್ದರು. ಖಾಕಿ ಚಡ್ಡಿಯ ಕೆಳಗೆ ಬರಿಗಾಲು ನೋಡಿ ತ್ರಿವಿಕ್ರಮನಿಗೆ ನಗು ಬಂತು.

"ನಗಬೇಡಿ. ಪೂಜೆ ಆದ ಮಟ್ಟಿಯನ್ನ ಎತ್ತಿ ಹೊಳೆಗೆ ಬಿಡೋವರೆಗೆ ಈ ಮೈದಾನಕ್ಕೆ ಯಾರೂ ಮೆಟ್ಟು ಹಾಕಿಕೊಂಡು ಬರೋ ಹಾಗಿಲ್ಲ. ಸರ್ಕಾರದ ಬೂಟು ಅಂದರೆ ಗರಡಿಯವರು ಕೇಳ್ತಾರಾ? ಗಲಾಟೆ ಶುರುವಾಗಿದ್ದೇ ಬೂಟಿನಿಂದ."

ಅದು ನಿಜವಾಗಿತ್ತು. ಊರಿಗೆ ಇರುವುದು ಇದೊಂದೇ ದೊಡ್ಡ ಮೈದಾನ. ಜಿಲ್ಲೆ ಜಿಲ್ಲೆಗಳ ಫುಟ್‌ಬಾಲ್ ಪಂದ್ಯದ ಕೊನೆಯ ಆಟಕ್ಕೆಂದು ನವೆಂಬರಿನಲ್ಲೇ ಹೂವಪ್ಪನ ಕಡೆಯವರು ಫೆಬ್ರವರಿ ಹನ್ನೆರಡನ್ನು ಗೊತ್ತು ಮಾಡಿಕೊಂಡಿದ್ದರು. ಸಂಕ್ರಾಂತಿಯ ದಿನ ಕರಿಯಣ್ಣನ ಗರಡಿಯವರು ತಟ್ಟೆಯಲ್ಲಿ ವೀಳ್ಯ ಇಟ್ಟು ಮೈದಾನ ಸಮಿತಿಯ ಕಾರ್ಯದರ್ಶಿಯ ಮನೆಗೆ ಹೋಗಿ ಅದೇ ದಿನಕ್ಕೆ ಜಂಗಿ ಕುಸ್ತಿ ಗೊತ್ತು ಮಾಡಿಕೊಂಡು ಬಂದರು. ಪೇಟೆಯ ಒಂದೇ ಗೋಡೆಯ ಮೇಲೆ ಎರಡೂ ಕರಪತ್ರ ಅಕ್ಕಪಕ್ಕ ಅಂಟಿದವು.

"ಒಂದು ಹಸೆಗೆ ಎರಡು ದಿಬ್ಬಣ ಬಂದ ಹಾಗಾಯ್ತು" ಎಂದರು ಈಶ್ವರಪ್ಪ. "ಫುಟ್‌ಬಾಲಿನವರಿಗೆ ಶನಿವಾರಾನೇ ಆಡಿಕೊಳ್ಳಿ ಅಂದರೆ, ಹುಬ್ಬಳ್ಳಿ ತಂಡ ರೈಲಿಳಿಯೋದೇ ಭಾನುವಾರ. ಮಟ್ಟಿ ಬಿದ್ದ ಮೈದಾನದಲ್ಲಿ ಬೂಟು ಹಾಕಿ ಆಡೋ ಹಾಗಿಲ್ಲ. ಆಟ ಹೋಯ್ತು. ಹೂವಪ್ಪ ಶನಿವಾರ ಹೋಟೆಲಿನಲ್ಲಿ ನಾಲ್ಕು ಜನರ ಮುಂದೆ ಏನಂದ ಗೊತ್ತಲ್ಲ? ಆ ಮಣ್ಣಿಗೆ ಬೆನ್ನು ಹಚ್ಚಿದವನು ಹೇಗೆ ಎದ್ದು ಹೋಗ್ತಾನೋ ನೋಡ್ತೀನಿ ಅಂದ. ಅಂದವನು ಕಾರ್ಖಾನೆಯಲ್ಲಿ ಲೇತು ತಿರುಗಿಸೋನು. ಮಣ್ಣಲ್ಲಿ ಸಿಕ್ಕಿದ್ದು ಕಬ್ಬಿಣ. ಇನ್ನೇನು ಬೇಕು?"

"ಬಾಯಿಬಿಟ್ಟು ಬೈದವನು ಗುಟ್ಟಾಗಿ ಬೆರೆಸ್ತಾನಾ?"

"ಅದನ್ನ ಮ್ಯಾಜಿಸ್ಟ್ರೇಟರು ನೋಡಿಕೊಳ್ತಾರೆ. ಹನ್ನೊಂದಕ್ಕೆ ಅವನನ್ನ ಕೋರ್ಟಿಗೆ ಕರೆದುಕೊಂಡು ಹೋಗ್ಬೇಕು. ಈ ಚೂರು ಕಾರ್ಖಾನೆಯದು ಅಂತ ನೀವು ಬರೆದುಕೊಟ್ಟರೆ ಜಾಮೀನು ಸಿಗಲ್ಲ. ಪೈಲ್ವಾನ್ ಹೋಗಿಬಿಟ್ಟರಂತೂ ಕೇಳೋದೇ ಬೇಡ."

ತ್ರಿವಿಕ್ರಮ ಭದ್ರಾವತಿಯ ಕಾರ್ಖಾನೆಯ ಪ್ರಯೋಗಾಲಯದಲ್ಲಿ ಕೆಮಿಸ್ಟ್. ಉಕ್ಕಿನಲ್ಲಿ ಇಂಗಾಲ ಎಷ್ಟು, ಗಂಧಕ ಎಷ್ಟು ಎಂದು ಹೇಳುವುದು ಅವನ ಕೆಲಸ. ಅವನು ಸಹಿ ಮಾಡಿದ ಅಂಕಿಯನ್ನು ಮೇಲಿನವರು ಪ್ರಶ್ನಿಸಿದ್ದಿಲ್ಲ. ಭಾನುವಾರ ಸಂಜೆ ಅವನಿಗೆ ಫೋನು ಮಾಡಿ ಕರೆಸಿದವನು ಮೈದಾನ ಸಮಿತಿಯ ಕಾರ್ಯದರ್ಶಿ, ಅವನ ಕಾಲೇಜಿನ ಗೆಳೆಯ ಓಂಕಾರಪ್ಪ. 'ನೀನೇ ಬಾ ಮಾರಾಯ. ನೀನು ನೋಡಿ ಹೇಳಿದರೆ ಯಾರೂ ಎರಡು ಮಾತಾಡಲ್ಲ' ಎಂದಿದ್ದ.

ಆ ಮಾತು ತ್ರಿವಿಕ್ರಮನಿಗೆ ಹಿತವಾಗಿತ್ತು.

ಅವನು ಎದ್ದು ಮಟ್ಟಿಯ ಅಂಚಿಗೆ ಸರಿದ. ನಡುವಿನ ಮಣ್ಣು ಪೈಲ್ವಾನರ ತುಳಿತಕ್ಕೆ ಹದಗೆಟ್ಟಿತ್ತು. ಡೊಳ್ಳಿನವರು ಕೂರಲು ಹಾಕಿದ್ದ ಹಲಗೆಯ ಮರೆಯಲ್ಲಿದ್ದ ಮೂಲೆ ಮಾತ್ರ ಶನಿವಾರ ಪೂಜೆಗೆ ಮುಂಚೆ ಸವರಿದ ಹಾಗೆಯೇ ನುಣ್ಣಗೆ ಉಳಿದಿತ್ತು. ಪೂಜೆಯ ನಿಂಬೆಹಣ್ಣೊಂದು ಅಲ್ಲಿ ಬಾಡಿ ಬಿದ್ದಿತ್ತು. ಅದರ ಪಕ್ಕದಲ್ಲಿ ಒಂದು ಹೆಜ್ಜೆ.

ಎಣ್ಣೆ, ಮಜ್ಜಿಗೆ ಕುಡಿದ ಮಣ್ಣು ಮೇಣದಂತೆ ಅಚ್ಚು ಹಿಡಿದಿತ್ತು. ಬರಿಗಾಲಿನ ಬಲಪಾದ. ನಾಲ್ಕು ಬೆರಳು ಒತ್ತಿದ್ದವು, ಕಿರುಬೆರಳು ಮಣ್ಣನ್ನು ಮುಟ್ಟೇ ಇರಲಿಲ್ಲ. ತ್ರಿವಿಕ್ರಮ ಜೇಬಿನಿಂದ ಉಕ್ಕಿನ ಅಳತೆಪಟ್ಟಿ ತೆಗೆದು ಹಿಮ್ಮಡಿಯಿಂದ ಹೆಬ್ಬೆರಳಿನ ತುದಿಗೆ ಹಿಡಿದ. ಎಂಟೂಕಾಲು ಅಂಗುಲ.

"ಹೂವಪ್ಪನ ಕಾಲು ಇಷ್ಟು ಸಣ್ಣದಲ್ಲ" ಎಂದ.

"ಯಾವನೋ ಚಿಕ್ಕ ಹುಡುಗನ ಕೈಲಿ ಹಾಕಿಸಿರ್ತಾನೆ."

"ಹೆಂಗಸರ ಪಾದಾನೂ ಇರಬಹುದು."

ಈಶ್ವರಪ್ಪ ಮೂಗುಮುರಿದರು. "ಮಟ್ಟಿ ಮೇಲೆ ಹೆಂಗಸರು? ನಿಮಗೆ ಈ ಊರಿನ ಗರಡಿ ಗೊತ್ತಿಲ್ಲ. ಪೂಜೆಗೆ ಹಾಲು, ಹಣ್ಣು ತಂದ ಹೆಂಗಸರೂ ಹಗ್ಗದ ಆಚೆ ನಿಂತು ಕೊಟ್ಟು ಹೋಗಬೇಕು. ನಮ್ಮ ಅಜ್ಜಿ ಹುಲಿಗೆ ಹೆದರ್ತಿರಲಿಲ್ಲ, ಮಟ್ಟಿ ತುಳಿಯೋಕೆ ಹೆದರ್ತಿದ್ದಳು."

ಸರಿ, ಇರಬಹುದು ಎಂದುಕೊಂಡು ತ್ರಿವಿಕ್ರಮ ಆ ಯೋಚನೆಯನ್ನು ಅಲ್ಲೇ ಬಿಟ್ಟ. ಹಲಗೆಯ ಮೇಲೆ ಕೂತು ಚೂರುಗಳನ್ನು ಕಾಗದದ ಮೇಲೆ ಹರಡಿ ಭೂತಗನ್ನಡಿ ಹಿಡಿದ.

ಮೊದಲ ನೋಟಕ್ಕೇ ಒಂದು ವಿಷಯ ಸ್ಪಷ್ಟವಾಯಿತು. ಲೇತಿನಿಂದ ಬರುವ ಸಿಬರು ಉದ್ದಕ್ಕೆ ಜಡೆಯಂತೆ ಸುತ್ತಿಕೊಂಡಿರುತ್ತದೆ. ಇವು ಗಿಡ್ಡ ಸುರುಳಿಗಳು, ಉಕ್ಕನ್ನು ಬೈರಿಗೆಯಿಂದ ಕೊರೆದಾಗ ಉದುರುವಂಥವು. ಅಂದರೆ ಹೂವಪ್ಪನ ಕೈಯ ಕೆಲಸದ್ದಲ್ಲ.

ಒಂದು ಸುರುಳಿಯನ್ನು ಚಿಮಟದಲ್ಲಿ ಎತ್ತಿ ಬೆಳಕಿಗೆ ತಿರುಗಿಸಿದ. ಒಳಮೈಯುದ್ದಕ್ಕೂ ಕೂದಲೆಳೆಯಷ್ಟು ಸಣ್ಣ ಗೀರು. ಇನ್ನೊಂದನ್ನು ಎತ್ತಿದ. ಅದರಲ್ಲೂ ಅದೇ ಗೀರು, ಅದೇ ಜಾಗದಲ್ಲಿ. ಮೂರನೆಯದರಲ್ಲೂ.

ಚಿಮಟ ಹಿಡಿದ ಕೈ ಅಲ್ಲೇ ನಿಂತಿತು.

ಆ ಗೀರು ಅವನಿಗೆ ಗೊತ್ತು. ಪ್ರಯೋಗಾಲಯದಲ್ಲಿ ಪರೀಕ್ಷೆಗೆ ಉಕ್ಕಿನ ಚೂರು ತೆಗೆಯುವ ಬೈರಿಗೆಯ ಒಂದು ಅಲಗು ಕಳೆದ ದಸರಾಕ್ಕೆ ಮುಂಚೆ ಮುಕ್ಕಾಗಿತ್ತು. ಹೊಸದು ಬರುವವರೆಗೆ ಅದರಲ್ಲೇ ಕೊರೆದರು. ಕೊರೆದ ಪ್ರತಿ ಸುರುಳಿಯ ಮೈಮೇಲೂ ಆ ಮುಕ್ಕು ತನ್ನ ಗೆರೆ ಎಳೆಯುತ್ತಿತ್ತು. ಇದು ಕಾರ್ಖಾನೆಯ ಕಬ್ಬಿಣವೇ, ಅದರಲ್ಲೂ ಅವನ ಸ್ವಂತ ಮೇಜಿನದು.

"ಏನಾಯ್ತು? ಮುಖ ಬಿಳಿಚಿಕೊಂಡಿತು" ಎಂದರು ಈಶ್ವರಪ್ಪ.

"ಬೆಳಗಿನಿಂದ ಕಾಫಿ ಆಗಿಲ್ಲ."

"ಕಾರ್ಖಾನೆಯದೇ ತಾನೇ?"

"ಹೌದು."

"ಹಾಗಾದರೆ ಬರೆದುಕೊಡಿ."

"ಒಂದು ಗಂಟೆ ಬಿಡುವು ಕೊಡಿ ಇನ್‌ಸ್ಪೆಕ್ಟರೇ. ಯಾವ ಕೈ ದಾಟಿ ಬಂತು ಅಂತ ತಿಳಿಯದೆ ಬರೆಯೋಕೆ ಆಗಲ್ಲ."

ಈಶ್ವರಪ್ಪ ಬೂಟನ್ನು ಒಂದು ಕಂಕುಳಿಂದ ಇನ್ನೊಂದಕ್ಕೆ ಬದಲಾಯಿಸಿಕೊಂಡರು. "ನಿಮ್ಮಂಥ ಓದಿದವರನ್ನ ಕರೆಸಿದರೆ ಇದೇ ತಾಪತ್ರಯ. ಹತ್ತೂವರೆಗೆ ಸ್ಟೇಷನ್ನಿನಲ್ಲಿರಿ."

ಚೂರುಗಳ ಒಂದು ಮಗ್ಗುಲು ತುಕ್ಕು ಹಿಡಿದು ಕೆಮ್ಮಣ್ಣಿನ ಬಣ್ಣಕ್ಕೇ ತಿರುಗಿತ್ತು. ಭಾನುವಾರ ಮಟ್ಟಿಗೆ ಇಳಿದವರ ಕಣ್ಣಿಗೆ ಬೀಳದಿದ್ದುದು ಅದಕ್ಕೇ. ಎರಡು ಮೂರು ದಿನಕ್ಕೆ ಅಷ್ಟು ದಪ್ಪ ತುಕ್ಕು ಹಿಡಿಯುವುದಿಲ್ಲ. ಸುರುಳಿಯ ಸಂದಿಯಲ್ಲಿ ಸಿಕ್ಕಿಕೊಂಡ ಮಣ್ಣೂ ಕೆಂಪಲ್ಲ. ಸೂಜಿಯಿಂದ ಬಿಡಿಸಿ ನೋಡಿದ. ಕಪ್ಪು ಗೊಬ್ಬರದ ಮಣ್ಣು, ಅದರಲ್ಲಿ ಬೇರಿನ ಎಳೆ.

ಬಾಡಿದ ನಿಂಬೆಹಣ್ಣು ಕಾಲಬುಡದಲ್ಲೇ ಇತ್ತು. ಅದನ್ನು ನೋಡುತ್ತಲೇ ಚೂರುಗಳನ್ನು ಕಾಗದದಲ್ಲಿ ಪೊಟ್ಟಣ ಕಟ್ಟಿ ಎದ್ದ.

ಓಂಕಾರಪ್ಪನ ಮನೆ ಮೈದಾನದ ಹಿಂದಿನ ಬೀದಿಯಲ್ಲೇ. ಆ ಮನೆಯ ಹಿತ್ತಲಲ್ಲಿ ಒಂದು ನಿಂಬೆಗಿಡ ಇತ್ತು. ದೀಪಾವಳಿಗೆ ಬಂದಾಗ ಓಂಕಾರಪ್ಪನ ತಾಯಿ ಶಂಕರಮ್ಮ ಕೇಳಿದ್ದರು: 'ನಿಮ್ಮ ಕಾರ್ಖಾನೆಯಲ್ಲಿ ಕಬ್ಬಿಣದ ಚೂರಿದ್ದರೆ ತಂದುಕೊಡೋ ಮಗ, ಬುಡಕ್ಕೆ ಹಾಕಿದರೆ ಎಲೆ ಹಳದಿಯಾಗಲ್ಲವಂತೆ.' ಮುಂದಿನ ಸಲ ಬರುವಾಗ ಒಂದು ಬಿಸ್ಕತ್ತಿನ ಡಬ್ಬಿ ತುಂಬ ಸುರುಳಿ ತಂದು ಅವನೇ ಕೈಯಾರೆ ಕೊಟ್ಟಿದ್ದ.

ಹಿತ್ತಲ ಬಾಗಿಲು ತೆರೆದೇ ಇತ್ತು. ನಿಂಬೆಗಿಡದ ಬುಡದ ಮಣ್ಣನ್ನು ಈಚೆಗೆ ಯಾರೋ ಅಗೆದು ಮತ್ತೆ ಮಟ್ಟಸ ಮಾಡಿದ್ದರು. ತ್ರಿವಿಕ್ರಮ ಅಯಸ್ಕಾಂತ ಇಳಿಸಿ ಎಳೆದ. ಒಂದು ಡಬ್ಬಿ ಕಬ್ಬಿಣ ಇರಬೇಕಾದ ಜಾಗದಲ್ಲಿ ನಾಲ್ಕೈದು ಚೂರು ಮಾತ್ರ ಬಂತು.

ಪಡಸಾಲೆಯಲ್ಲಿ ಓಂಕಾರಪ್ಪ ಹಣೆತುಂಬ ವಿಭೂತಿ ಹಚ್ಚಿ ಪತ್ರಿಕೆ ಓದುತ್ತಿದ್ದ. ಅವನ ತಲೆಯ ಮೇಲೆ, ಗೋಡೆಯಲ್ಲಿ, ಹೆಗಲಿಗೆ ಗದೆ ಏರಿಸಿ ನಿಂತ ಅಣ್ಣ ಗಂಗಾಧರಪ್ಪನ ಫೋಟೋ. ಆರು ವರ್ಷದ ಕೆಳಗೆ ಇದೇ ಮೈದಾನದ ಮಟ್ಟಿಯಲ್ಲಿ ಕತ್ತು ಮುರಿದು ತೀರಿಕೊಂಡವನು.

"ಹಿತ್ತಲಿಂದ ಬಂದೆಯಲ್ಲೋ ಮಾರಾಯ, ಹುಣಸೇಕಾಯಿ ಕದಿಯೋಕೆ ಬಂದವನ ಹಾಗೆ" ಎಂದು ನಕ್ಕ. ಆಮೇಲೆ ಕೇಳಿದ: "ಬರೆದುಕೊಟ್ಟೆಯಾ?"

ಕರಿಯಣ್ಣ ಹೇಗಿದ್ದಾನೆ ಎಂದು ಕೇಳಲಿಲ್ಲ. ತ್ರಿವಿಕ್ರಮ ಅದನ್ನು ಗಮನಿಸಿದ.

ಕಾಗದದ ಪೊಟ್ಟಣ ಬಿಚ್ಚಿ ಮಟ್ಟಿಯ ಚೂರುಗಳನ್ನು ಪತ್ರಿಕೆಯ ಮೇಲೆ ಸುರಿದ. ನಿಂಬೆಯ ಬುಡದಲ್ಲಿ ಸಿಕ್ಕಿದವನ್ನು ಅದರ ಪಕ್ಕದಲ್ಲಿ ಇಟ್ಟ.

"ಇದು ಮೈದಾನದ್ದು. ಇದು ನಿಮ್ಮ ಹಿತ್ತಲಿಂದು. ಎರಡನ್ನೂ ಕೊರೆದದ್ದು ನನ್ನ ಬೈರಿಗೆ. ಎರಡಕ್ಕೂ ಹತ್ತಿರೋದು ನಿಮ್ಮ ಗೊಬ್ಬರ."

ಓಂಕಾರಪ್ಪ ಪತ್ರಿಕೆಯಿಂದ ಕೈ ತೆಗೆದ. ಅವನ ನಗು ಒಂದೇ ಸಲಕ್ಕೆ ಹೋಗಲಿಲ್ಲ, ತುಟಿಯ ಮೇಲೆ ಸ್ವಲ್ಪ ಹೊತ್ತು ಹಾಗೇ ಉಳಿದುಕೊಂಡಿತ್ತು.

"ಬೇರೆ ಯಾರಿಗಾದರೂ ಹೇಳಿದೆಯಾ?"

"ಇಲ್ಲ."

"ಹೇಳಬೇಡ. ಹೂವಪ್ಪನ ಲೇತಿನದು ಅಂತ ಬರೆದುಬಿಡು. ನೀನು ಬರೆದದ್ದನ್ನ ಯಾರು ಪರೀಕ್ಷೆ ಮಾಡ್ತಾರೆ?"

"ಅದಕ್ಕೇನಾ ನನ್ನನ್ನ ಕರೆಸಿದ್ದು?"

ಓಂಕಾರಪ್ಪ ಒಂದು ಸುರುಳಿಯನ್ನು ಬೆರಳಿನಿಂದ ಆಚೆ ತಳ್ಳಿದ.

"ಓಂಕಾರಿ, ಕೇಳ್ತಿದೀನಿ. ಅದಕ್ಕೇನಾ?"

"ಕಬ್ಬಿಣ ನೋಡಿದ ಕೂಡಲೇ ಕಾರ್ಖಾನೆಯದು ಅಂತ ನೀನು ಗುರುತು ಹಿಡೀತೀಯ ಅಂತ ಗೊತ್ತಿತ್ತು. ಯಾವ ಬೈರಿಗೆ ಅನ್ನೋವರೆಗೂ ಹೋಗ್ತೀಯ ಅಂತ ಗೊತ್ತಿರಲಿಲ್ಲ."

"ಹೂವಪ್ಪ ಜೈಲಿಗೆ ಹೋಗ್ತಾನೆ ಅಂತಲೂ ಗೊತ್ತಿತ್ತು."

"ಗೊತ್ತಿತ್ತು."

"ನನ್ನ ಕೈಯಲ್ಲಿ."

"ಬೇರೆ ಯಾರ ಕೈ ಇತ್ತು ನನಗೆ?"

ತ್ರಿವಿಕ್ರಮ ಕುರ್ಚಿಯಲ್ಲಿ ಕೂತ. ಕಾಲೇಜಿನ ದಿನಗಳಲ್ಲಿ ಇದೇ ಪಡಸಾಲೆಯಲ್ಲಿ ಕೂತು ಶಂಕರಮ್ಮ ಬಡಿದ ರೊಟ್ಟಿ ತಿಂದವನು ಅವನು. ಪೌರೋಹಿತ್ಯ ಮಾಡುವ ಅಪ್ಪನಿಗೆ ತಿಳಿಯದ ಹಾಗೆ ಭದ್ರಾವತಿಗೆ ಹೋಗಿ ಮತ್ತೊಮ್ಮೆ ಊಟ ಮಾಡುತ್ತಿದ್ದ. ಈ ಮನೆಯಲ್ಲಿ ತಾನು ಯಾರು ಎಂದು ಯಾವತ್ತೂ ಕೇಳಿಕೊಂಡಿರಲಿಲ್ಲ. ಈ ಹೊತ್ತು ಉತ್ತರ ತಾನಾಗಿ ಸಿಕ್ಕಿತ್ತು. ಅಯಸ್ಕಾಂತ, ಭೂತಗನ್ನಡಿ, ಅಳತೆಪಟ್ಟಿ, ಅವುಗಳ ಸಾಲಿನಲ್ಲಿ ಅವನೂ ಒಂದು.

"ಎರಡು ಆಟಕ್ಕೆ ಒಂದೇ ಭಾನುವಾರ ಕೊಟ್ಟದ್ದೂ ಬೇಕಂತಲೇನಾ?"

"ಅಲ್ಲ." ಓಂಕಾರಪ್ಪ ಫೋಟೋ ಕಡೆ ನೋಡಿದ. "ಅಣ್ಣ ಹೋದ ಮೇಲೆ ಆ ನೆಲದಲ್ಲಿ ಮಟ್ಟಿ ಹಾಕೋಕೆ ನಾನು ಬಿಟ್ಟಿಲ್ಲ. ಮತ್ತೆ ಮಟ್ಟಿ ಬೀಳಬಾರದು ಅಂತ ಅವ್ವ ನನ್ನ ಕೈಲಿ ಮಾತು ತಗೊಂಡಿದ್ದಳು. ಅದಕ್ಕೇ ಪ್ರತಿ ವರ್ಷ ಒಳ್ಳೆ ಭಾನುವಾರನೆಲ್ಲ ಮೊದಲೇ ಚೆಂಡಾಟದವರಿಗೆ ಹಂಚಿಬಿಡ್ತಿದ್ದೆ. ಈ ಸಂಕ್ರಾಂತಿಗೆ ಕರಿಯಣ್ಣ ಬಂದ. ಅಣ್ಣನ ಶಿಷ್ಯ. ಈ ಫೋಟೋ ಕೆಳಗೆ ನಿಂತು, ನಮಸ್ಕಾರ ಮಾಡಿ, ವೀಳ್ಯದ ತಟ್ಟೆ ಚಾಚಿದ. ತಗೊಂಡೆ. ಯಾವ ದಿನಕ್ಕೆ ಅಂತ ಆಮೇಲೆ ಕೇಳಿದೆ."

"ತಗೊಳ್ಳೋಕೆ ಮುಂಚೆ ಕೇಳಬಾರದಿತ್ತಾ?"

"ವೀಳ್ಯ ಎದುರಿಗೆ ಹಿಡಿದಿರೋವಾಗ ದಿನ ಕೇಳಿ ಚೌಕಾಸಿ ಮಾಡ್ತಾರೇನೋ? ತಗೊಂಡ ಮೇಲೆ ವಾಪಸು ಕೊಡೋ ಹಾಗೂ ಇಲ್ಲ. ಫುಟ್‌ಬಾಲಿನವರು ಬಿಟ್ಟುಕೊಡ್ತಾರೆ ಅಂದುಕೊಂಡೆ. ಹೂವಪ್ಪ ಬಿಡಲಿಲ್ಲ. ಬಿಟ್ಟುಕೊಡಬೇಕಾದ್ದೂ ಇರಲಿಲ್ಲ, ದಿನ ಅವನದೇ."

"ಮಾತು ತಪ್ಪಿದ್ದು ನೀನು. ಲಾಕಪ್ಪಿನಲ್ಲಿ ಕೂತಿರೋದು ಅವನು."

"ಹೌದು. ಕಬ್ಬಿಣ ಹಾಕಿದ್ದೂ ನಾನೇ." ಓಂಕಾರಪ್ಪ ತಡೆಯಿಲ್ಲದೆ ಹೇಳಿದ, ಬಾಯಿಪಾಠ ಒಪ್ಪಿಸಿದ ಹಾಗೆ. "ಶನಿವಾರ ಪೂಜೆ ಮುಗಿಸಿ ಎಲ್ಲರೂ ಊಟಕ್ಕೆ ಹೋದಾಗ. ಒಂದಿಷ್ಟು ಗೀರಾದರೆ ಕುಸ್ತಿ ನಿಲ್ಲಿಸ್ತಾರೆ ಅಂದುಕೊಂಡೆ. ಇಷ್ಟಾಗುತ್ತೆ ಅಂತ ಗೊತ್ತಿರಲಿಲ್ಲ."

"ನೀನೊಬ್ಬನೇ ಹೋಗಿದ್ದೆಯಾ?"

"ಒಬ್ಬನೇ."

"ಬರಿಗಾಲಲ್ಲಾ?"

"ಬರಿಗಾಲಲ್ಲೇ. ಅಷ್ಟು ಭಯಭಕ್ತಿ ನನಗೂ ಇದೆ."

ತ್ರಿವಿಕ್ರಮನ ದೃಷ್ಟಿ ಕೆಳಗಿಳಿಯಿತು. ಕಾಲೇಜಿನಲ್ಲಿ ಒಮ್ಮೊಮ್ಮೆ ತಾನು ಓಂಕಾರಪ್ಪನ ಚಪ್ಪಲಿ ಮೆಟ್ಟಿಕೊಂಡು ಹೋದರೆ ಹಿಮ್ಮಡಿಯ ಹಿಂದೆ ಎರಡು ಬೆರಳು ಜಾಗ ಉಳಿಯುತ್ತಿತ್ತು, ದೋಣಿ ಕಟ್ಟಿಕೊಂಡು ನಡೆದ ಹಾಗಿರುತ್ತಿತ್ತು. ಆ ಪಾದಗಳು ಈಗ ಕೆಂಪು ಗಾರೆಯ ನೆಲದ ಮೇಲೆ ಅಗಲವಾಗಿ ಊರಿದ್ದವು. ಹತ್ತೂ ಬೆರಳು ನೆಲ ಮುಟ್ಟಿದ್ದವು.

ಗೆಳೆಯ ತನಗೆ ಎರಡನೇ ಸಲ ಸುಳ್ಳು ಹೇಳಿದ್ದ. ಮೊದಲನೆಯ ಸುಳ್ಳು ಹೂವಪ್ಪನನ್ನು ಸಿಕ್ಕಿಸಲಿಕ್ಕೆ. ಎರಡನೆಯದು ಯಾರನ್ನು ಬಿಡಿಸಲಿಕ್ಕೆ?

"ಸ್ಟೇಷನ್ನಿಗೆ ನಾನೇ ಬರ್ತೀನಿ" ಎಂದ ಓಂಕಾರಪ್ಪ. "ಹೂವಪ್ಪನನ್ನ ಬಿಡಿಸು. ಆದರೆ ಅವ್ವನ ಹತ್ತಿರ ಏನೂ ಕೇಳಬೇಡ. ಅವಳಿಗೆ ಇದ್ಯಾವುದೂ ಗೊತ್ತಿಲ್ಲ."

ನಾನು ಅವ್ವನ ಹೆಸರು ಎತ್ತಲೇ ಇಲ್ಲವಲ್ಲ ಎಂದು ತ್ರಿವಿಕ್ರಮ ಬಾಯಿ ತೆರೆಯುವಷ್ಟರಲ್ಲಿ ಒಳಬಾಗಿಲ ಹತ್ತಿರ ಬಳೆಯಿಲ್ಲದ ಕೈಯೊಂದು ಪರದೆ ಸರಿಸಿತು.

ಶಂಕರಮ್ಮ ಅಂಗಳ ತೊಳೆದು ಬಂದಿದ್ದರು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಎರಡು ಲೋಟ ಕಾಫಿ ಹಿಡಿದು ಒಳಗೆ ಬಂದರು.

"ನಿನ್ನ ದನಿ ಕೇಳಿ ಬೆಲ್ಲ ಜಾಸ್ತಿ ಹಾಕಿದೆ ಮಗ. ಎಷ್ಟು ಇಳಿದುಹೋಗಿದೀಯ, ಆ ಹೊಗೆ ಕುಡಿದೂ ಕುಡಿದೂ."

"ಇಲ್ಲ ಅವ್ವ, ಚೆನ್ನಾಗಿದೀನಿ."

ಲೋಟ ಕೊಡುವಾಗ ಅವರ ಕಣ್ಣು ಪತ್ರಿಕೆಯ ಮೇಲಿನ ಚೂರುಗಳ ಮೇಲೆ ಹಾದುಹೋಯಿತು. ಅವು ಏನೆಂದು ಅವರು ಕೇಳಲಿಲ್ಲ.

"ಆ ಕರಿಯಣ್ಣ ಹೇಗಿದ್ದಾನಂತೆ?"

"ಜ್ವರ ಇದೆ. ಬೆನ್ನು ತುಂಬ ಹರಿದಿದೆ."

"ಬೆನ್ನು ಕೂಡಿಕೊಳ್ಳುತ್ತೆ." ಶಂಕರಮ್ಮ ಫೋಟೋ ಕಡೆಗೂ ನೋಡಲಿಲ್ಲ, ಮಗನ ಕಡೆಗೂ ನೋಡಲಿಲ್ಲ. "ಇನ್ನು ಯಾವತ್ತೂ ಅಲ್ಲಿ ಇಳಿಯಲ್ಲ ಅವನು. ಕತ್ತು ನೆಟ್ಟಗಿದೆಯಲ್ಲ, ಅವನ ತಾಯಿಗೆ ಅಷ್ಟು ಸಾಕು."

ಬಂದ ಹಾಗೆಯೇ ಸದ್ದಿಲ್ಲದೆ ಒಳಗೆ ಹೋದರು.

ಅವರು ನಡೆದ ದಾರಿಯುದ್ದಕ್ಕೂ ಕೆಂಪು ಗಾರೆಯ ಮೇಲೆ ಒದ್ದೆ ಹೆಜ್ಜೆಗಳು ಉಳಿದವು. ಸಣ್ಣವು, ಅಚ್ಚುಕಟ್ಟಾದವು. ಪ್ರತಿ ಬಲಪಾದಕ್ಕೂ ನಾಲ್ಕೇ ಬೆರಳು.

ತ್ರಿವಿಕ್ರಮ ಕಾಫಿ ಲೋಟ ಕೆಳಗಿಟ್ಟ. ಹೆಜ್ಜೆಗಳು ಅಂಚಿನಿಂದ ಆರತೊಡಗಿದ್ದವು.

"ಬೇಡ" ಎಂದ ಓಂಕಾರಪ್ಪ. "ನೀನು ಅವಳ ಕೈಯ ಅನ್ನ ತಿಂದೋನು."

ಅವನು ಕಾಲು ಚಾಚಿ ಹತ್ತಿರದ ಹೆಜ್ಜೆಯನ್ನು ಉಜ್ಜಿ ಅಳಿಸಿದ. ಅದರಾಚೆಗೆ, ಬಾಗಿಲ ಪಕ್ಕದಲ್ಲಿ, ಅವನ ಕಾಲಿಗೆ ಎಟುಕದ ಇನ್ನೊಂದು ಇತ್ತು.

ತ್ರಿವಿಕ್ರಮ ಮಂಡಿಯೂರಿದ. ಜೇಬಿನಿಂದ ಅಳತೆಪಟ್ಟಿ ತೆಗೆದು ಹಿಮ್ಮಡಿಯ ಒದ್ದೆಗೆ ಒಂದು ತುದಿ ಹೊಂದಿಸಿದ. ಹೆಬ್ಬೆರಳಿನ ತುದಿ ಮುಟ್ಟಿದ ಗೆರೆಯನ್ನು ಓದಿದ.

ಎಂಟೂಕಾಲು ಅಂಗುಲ.